ಬರಿಗಾಲ ನಡಿಗೆ: ಹರಕೆಯೂ ಹೌದು, ವ್ಯಾಯಾಮವೂ ಹೌದು

(ಬ್ರಹ್ಮಕಲಶೋತ್ಸವದ ಪೂರ್ವಭಾವಿಯಾಗಿ ಶ್ರೀ ಕ್ಷೇತ್ರದ ವಠಾರದಲ್ಲಿ ಜರಗಿದ ಧಾರ್ಮಿಕ ಸಭೆಯಲ್ಲಿ ನಿವೃತ್ತ ದೈಹಿಕ ಶಿಕ್ಷಣ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಮಾತನಾಡುವವರು ಸಾಮಾನ್ಯವಾಗಿ ಶಾಸ್ತ್ರ ಬಲ್ಲವರು. ನಾನು ಹಾಗಲ್ಲ. ನಮ್ಮ ಕಾಸರಗೋಡಿನ ಗಡಿಭಾಗದ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಸೀಟಿ ಊದಿದ ಡ್ರಿಲ್ ಮಾಸ್ಟ್ರು. ನನಗೆ ಗೊತ್ತಿರುವುದು ಮಕ್ಕಳ ಕೈಕಾಲು ಮಾತ್ರ. ಆದುದರಿಂದ ಸಮಿತಿಯವರು ನಾಲ್ಕು ಮಾತು ಆಡಬೇಕೆಂದಾಗ, ನಾವೆಲ್ಲ ಈ ಸಭೆಗೆ ಬರುವ ಮುನ್ನ ಹೊರಗೆ ಬಿಟ್ಟು ಬಂದ ವಸ್ತುವಿನ ಬಗ್ಗೆಯೇ ಹೇಳೋಣ ಎಂದುಕೊಂಡೆ. ಅದು ಚಪ್ಪಲಿ.

ನಮ್ಮ ಹಿರಿಯರಿಗೆ ಬರಿಗಾಲ ನಡಿಗೆ ಎನ್ನುವುದು ಪ್ರತ್ಯೇಕ ವಿಷಯವೇ ಆಗಿರಲಿಲ್ಲ. ಗದ್ದೆಯ ಹುಣಿಯಲ್ಲಿ, ಮುರಕಲ್ಲಿನ ಗುಡ್ಡೆಯಲ್ಲಿ, ಅಡಿಕೆ ತೋಟದಲ್ಲಿ ಎಲ್ಲ ಕಡೆ ಬರಿಗಾಲು. ಯಕ್ಷಗಾನದ ವೇಷಧಾರಿ ಇಂದಿಗೂ ಬರಿಗಾಲಿಗೆ ಗೆಜ್ಜೆ ಕಟ್ಟಿಯೇ ಇಡೀ ರಾತ್ರಿ ಕುಣಿಯುತ್ತಾನೆ. ಕಂಬಳದ ಓಟಗಾರ ಕೆಸರಿನಲ್ಲಿ ಬರಿಗಾಲಲ್ಲೇ ಓಡುತ್ತಾನೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ನಮಗೆ ಆ ಓಟಕ್ಕಿಂತ ಹೆಚ್ಚು ಆಶ್ಚರ್ಯವಾದದ್ದು ಪಟ್ಟಣದವರ ಆಶ್ಚರ್ಯವನ್ನು ಕಂಡು.

ಇತ್ತೀಚೆಗೆ ಬರಿಗಾಲ ನಡಿಗೆಗೆ ಹೊಸ ಮರ್ಯಾದೆ ಬಂದಿದೆ. ದೊಡ್ಡ ನಗರಗಳಲ್ಲಿ ಜನ ಬೆಳಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ತೆಳು ಅಡಿಯ ಶೂ ಎಂದು ಸಾವಿರಾರು ರೂಪಾಯಿ ಕೊಟ್ಟು, ಇದ್ದೂ ಇಲ್ಲದಂತಿರುವ ಪಾದರಕ್ಷೆ ಕೊಳ್ಳುತ್ತಾರೆ. ಇದರಲ್ಲಿ ನಿಜವೆಷ್ಟು ಎಂದು ಮೊದಲು ನೋಡೋಣ.

ಮನುಷ್ಯನ ಒಂದು ಪಾದದಲ್ಲಿ 26 ಎಲುಬುಗಳಿವೆ, 33 ಕೀಲುಗಳಿವೆ. ನಮ್ಮ ದೇವಸ್ಥಾನದ ಕಲ್ಲಿನ ಕಮಾನಿನಂತೆ ಪಾದದ ಅಡಿಯಲ್ಲೂ ಒಂದು ಕಮಾನಿದೆ. ಅದನ್ನು ಎತ್ತಿ ಹಿಡಿಯುವುದು ಸ್ನಾಯುಗಳು ಮತ್ತು ನಾರುಕಟ್ಟುಗಳು. ಸ್ನಾಯುವಿಗೆ ಕೆಲಸ ಕೊಟ್ಟರೆ ಬಲ, ಕೊಡದಿದ್ದರೆ ಬಲಹೀನ. ಇದು ತೋಳಿಗೆ ಎಷ್ಟು ನಿಜವೋ ಪಾದಕ್ಕೂ ಅಷ್ಟೇ ನಿಜ. 1992ರಲ್ಲಿ ನಮ್ಮ ದೇಶದ ಇಬ್ಬರು ವೈದ್ಯರು, ರಾವ್ ಮತ್ತು ಜೋಸೆಫ್ ಎಂಬವರು, 2300 ಮಕ್ಕಳ ಪಾದದ ಅಚ್ಚು ನೋಡಿ ಒಂದು ವರದಿ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ ಇತ್ತು. ಧರಿಸದ ಮಕ್ಕಳಲ್ಲಿ ನೂರಕ್ಕೆ 2.8 ಮಂದಿಗೆ ಮಾತ್ರ. 2019ರಲ್ಲಿ ಕೀನ್ಯಾ ದೇಶದ ಜನರನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಬರಿಗಾಲಲ್ಲಿ ನಡೆದು ಅಂಗಾಲು ದಪ್ಪಗಟ್ಟಿದರೂ ನೆಲದ ಸ್ಪರ್ಶ ತಿಳಿಯುವ ಶಕ್ತಿ ಕುಂದುವುದಿಲ್ಲ ಎಂದು ಅದು ತೋರಿಸಿಕೊಟ್ಟಿತು. ನಮ್ಮ ಅಜ್ಜಂದಿರ ಗಟ್ಟಿ ಅಂಗಾಲು ಸ್ಪರ್ಶ ಕೆಡಿಸದ ಚಪ್ಪಲಿಯೇ ಆಗಿತ್ತು.

1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಚಿನ್ನ ಗೆದ್ದ ಕತೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. 42 ಕಿಲೋಮೀಟರಿಗೂ ಮಿಕ್ಕಿದ ದೂರ, 2 ಗಂಟೆ 15 ನಿಮಿಷ 16 ಸೆಕೆಂಡು. ಆದರೆ ಕತೆಯ ಅರ್ಧವನ್ನು ಮಾತ್ರ ಹೇಳುತ್ತಿದ್ದೆ. ನಾಲ್ಕು ವರ್ಷ ಕಳೆದು 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲ ಶೂ ಹಾಕಿ ಓಡಿ, ಇನ್ನೂ ಬೇಗ ಮುಗಿಸಿ, ಮತ್ತೆ ಚಿನ್ನ ಗೆದ್ದರು. ಗೆದ್ದದ್ದು ಚಪ್ಪಲಿ ಇಲ್ಲದ್ದೂ ಅಲ್ಲ, ಇದ್ದದ್ದೂ ಅಲ್ಲ, ಅಭ್ಯಾಸ.

ಉಳಿದರ್ಧವನ್ನು ನಾನು ಯಾಕೆ ಹೇಳಲಿಲ್ಲ ಎಂದರೆ, ನನಗೂ ಬರಿಗಾಲಿನ ಬಗ್ಗೆ ಒಂದು ಅಭಿಮಾನವಿತ್ತು. ಆ ಅಭಿಮಾನದ ಬೆಲೆಯನ್ನು ತೆತ್ತವರು ನನ್ನ ಅಣ್ಣ. ಅವರ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಅಣ್ಣ ಹದಿನೆಂಟು ವರ್ಷ ತಪ್ಪದೆ ಮಾಲೆ ಹಾಕಿ ಶಬರಿಮಲೆಗೆ ಹೋದವರು. 41 ದಿನಗಳ ವ್ರತ, ಬರಿಗಾಲು. ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯೂ ಇತ್ತು. ಒಂದು ವರ್ಷ ಒಂದು ದೇವಸ್ಥಾನದ ಜಾತ್ರೆಯಲ್ಲಿ ನಡು ಮಧ್ಯಾಹ್ನ, ಹಾಸುಗಲ್ಲಿನ ಹೊರಾಂಗಣದಲ್ಲಿ ಅವರು ಮೂರು ಸುತ್ತು ಬಂದರು. ಉಳಿದವರೆಲ್ಲ ಕಾಲು ಸುಟ್ಟು ಓಡಿ ನೆರಳು ಸೇರುತ್ತಿದ್ದರೆ ಅಣ್ಣ ನಿಧಾನವಾಗಿ ಕೈ ಮುಗಿದು ನಡೆದರು. ನನಗೆ ಬಿಸಿ ತಾಗಲೇ ಇಲ್ಲ, ಎಲ್ಲ ದೇವರ ದಯೆ ಎಂದರು. ನಾವೆಲ್ಲ ನಂಬಿದೆವು. ನಾನಂತೂ ಮರುದಿನ ಶಾಲೆಯ ಅಸೆಂಬ್ಲಿಯಲ್ಲಿ ಮಕ್ಕಳಿಗೆ ಅದನ್ನೇ ದೃಷ್ಟಾಂತವಾಗಿ ಹೇಳಿದೆ.

ಆ ರಾತ್ರಿ ಅತ್ತಿಗೆ ಅವರ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ ಕಂಡಿದ್ದರು. ಹರಕೆಯ ಗಾಯ, ತಾನೇ ಮಾಗುತ್ತದೆ ಎಂದು ಎಣ್ಣೆ ಹಚ್ಚಿದರು. ನೋವಿಲ್ಲದ ಕಾರಣ ಅಣ್ಣ ತೋಟಕ್ಕೂ ಹೋದರು. ಒಂಬತ್ತನೆಯ ದಿನ ಜ್ವರ, ಕಾಲು ಬಾವು, ದುರ್ವಾಸನೆ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನು ಎರಡು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ವೈದ್ಯರು. ಮತ್ತೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ಈಗಲೂ ಮರೆತಿಲ್ಲ. ಬಿಸಿ ತಾಗದ್ದು ಯಾವಾಗಿನಿಂದ?

ಮಹನೀಯರೇ, ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿ ತಪ್ಪಿದರೆ ಕಾಲಿನ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದ್ದು, ಕಲ್ಲು ಸುಟ್ಟದ್ದು ತಿಳಿಯುವುದಿಲ್ಲ. ರಕ್ತದ ಓಟವೂ ಕಡಿಮೆ, ಹಾಗಾಗಿ ಗಾಯ ಮಾಗುವುದಿಲ್ಲ. ವೆಲ್ಲೂರಿನಲ್ಲಿ 1946ರಿಂದ ಕೆಲಸ ಮಾಡಿದ ಡಾ. ಪೌಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲು ಹಾಳಾಗುವುದು ಏಕೆ ಎಂದು ಹುಡುಕುತ್ತ ಹೋಗಿ ಕಂಡುಕೊಂಡದ್ದೂ ಇದನ್ನೇ. ಬೆರಳುಗಳನ್ನು ಕೊಳೆಯಿಸುವುದು ರೋಗ ನೇರವಾಗಿ ಅಲ್ಲ. ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಗಾಯ. ನೋವು ಎಂಬುದು ದೇವರು ನಮ್ಮ ದೇಹದ ಬಾಗಿಲಲ್ಲಿ ನಿಲ್ಲಿಸಿದ ದ್ವಾರಪಾಲಕ. ಅವನು ಮೌನವಾದರೆ ಅದು ದಯೆಯ ಲಕ್ಷಣವಲ್ಲ, ಅಪಾಯದ ಲಕ್ಷಣ. ಈ ಮಾತನ್ನು ಅಂದು ಅಸೆಂಬ್ಲಿಯಲ್ಲಿ ಹೇಳಬೇಕಾಗಿದ್ದವನು ನಾನು. ಹೇಳಿದ್ದು ಅದಕ್ಕೆ ವಿರುದ್ಧವಾದುದನ್ನು.

ಹಾಗಾದರೆ ಬರಿಗಾಲು ಬೇಡವೇ? ಖಂಡಿತ ಬೇಕು. ಯಾರಿಗೆ, ಎಲ್ಲಿ, ಹೇಗೆ ಎಂಬುದನ್ನು ತಿಳಿದು ನಡೆಯಬೇಕು, ಅಷ್ಟೆ.

ಮೊದಲನೆಯದಾಗಿ ಮಕ್ಕಳು. ಗುಡಿಸಿದ ಅಂಗಳದಲ್ಲಿ, ಹುಲ್ಲಿನಲ್ಲಿ, ಹೊಯಿಗೆಯಲ್ಲಿ ಅವರು ಬರಿಗಾಲಲ್ಲಿ ಆಡಲಿ. ಧನುರ್ವಾಯು ತಡೆಯುವ ಚುಚ್ಚುಮದ್ದು ಸಕಾಲದಲ್ಲಿ ಆಗಿರಲಿ. ಆದರೆ ಶೌಚಾಲಯಕ್ಕೆ, ಕೊಳೆಮಣ್ಣಿನ ಜಾಗಕ್ಕೆ ಚಪ್ಪಲಿ ಬೇಕು. ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಒಳಗೆ ಹೋಗಿ ರಕ್ತ ಹೀರುತ್ತದೆ. ಒಂದು ಕಾಲದಲ್ಲಿ ನಮ್ಮೂರ ಮಕ್ಕಳ ಬಿಳಿಚಿದ ಮುಖಕ್ಕೆ ಅದೂ ಒಂದು ಕಾರಣವಾಗಿತ್ತು. ಬಡತನದ ಬರಿಗಾಲನ್ನು ನಾವು ವೈಭವೀಕರಿಸುವುದು ಬೇಡ.

ಎರಡನೆಯದಾಗಿ ಕೃಷಿಕರು. ಮಳೆಗಾಲದಲ್ಲಿ ಕಾಲಿನಲ್ಲಿ ಗಾಯವಿರುವಾಗ ಗದ್ದೆ, ತೋಡು, ಚರಂಡಿಯ ನೀರಿಗೆ ಬರಿಗಾಲಲ್ಲಿ ಇಳಿಯಬಾರದು. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುವುದು ಹೀಗೆ. ನೀರಿಗಿಳಿದ ಬಳಿಕ ಜ್ವರ, ಮೈಕೈ ನೋವು ಬಂದರೆ ಗುಳಿಗೆ ನುಂಗಿ ಮಲಗದೆ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಷಯ ತಿಳಿಸಬೇಕು.

ಮೂರನೆಯದಾಗಿ ಪಾದಯಾತ್ರೆ ಮಾಡುವವರು, ಮಾಲೆ ಹಾಕುವವರು, ವ್ಯಾಯಾಮಕ್ಕಾಗಿ ನಡೆಯುವವರು. ವರ್ಷವಿಡೀ ದಪ್ಪ ಶೂ ಹಾಕಿದ ಕಾಲು ಒಂದೇ ದಿನದಲ್ಲಿ ಬರಿಗಾಲಾಗದು. ತೆಳು ಅಡಿಯ ಶೂಗಳಿಗೆ ಅವಸರದಲ್ಲಿ ಬದಲಾಯಿಸಿದ ಓಟಗಾರರ ಪಾದದ ಎಲುಬುಗಳಲ್ಲಿ ಹತ್ತೇ ವಾರದಲ್ಲಿ ಜಖಂ ಕಂಡುಬಂದದ್ದನ್ನು 2013ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದ್ದಾರೆ. ಆದುದರಿಂದ ಎರಡು ಮೂರು ತಿಂಗಳು ಮೊದಲೇ ಆರಂಭಿಸಿ. ಮೊದಲ ವಾರ ಮನೆಯಂಗಳದಲ್ಲಿ ದಿನಕ್ಕೆ ಹತ್ತು ನಿಮಿಷ. ಮತ್ತೆ ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚು. ಹೆಜ್ಜೆ ಚಿಕ್ಕದಿರಲಿ, ಹಿಮ್ಮಡಿಯನ್ನು ಕುಟ್ಟಿ ನಡೆಯಬೇಡಿ. ನಡೆದು ಬಂದ ಮೇಲೆ ಕಾಲು ತೊಳೆದು ಒರಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ದೇವರಿಗೆ ದೀಪ ಇಡುವಷ್ಟೇ ಕ್ರಮವಾಗಿ ಅದು ನಡೆಯಲಿ.

ನಾಲ್ಕನೆಯದಾಗಿ ಸಕ್ಕರೆ ಕಾಯಿಲೆಯವರು. ವೈದ್ಯರಲ್ಲಿ ಒಂದು ನೈಲಾನ್ ಎಳೆಯಿದೆ. ಅದನ್ನು ಅಂಗಾಲಿಗೆ ಒತ್ತಿ, ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ನೋವಿಲ್ಲ, ಎರಡು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಮಾಡಿಸಿ. ಸ್ಪರ್ಶ ತಿಳಿಯದಿದ್ದರೆ ಮನೆಯೊಳಗೂ ಬರಿಗಾಲು ಬೇಡ. ದೇವಸ್ಥಾನಕ್ಕೆ ಬೆಳಗ್ಗೆಯೋ ಸಂಜೆಯೋ ಬನ್ನಿ. ಹತ್ತಿಯ ಕಾಲುಚೀಲ ಹಾಕಿಕೊಂಡು ಪ್ರದಕ್ಷಿಣೆ ಬರಬಹುದೇ ಎಂದು ನಾನು ತಂತ್ರಿವರ್ಯರಲ್ಲಿ ಮೊದಲೇ ಕೇಳಿಕೊಂಡಿದ್ದೆ. ರೋಗಿಗಳಿಗೆ ಅಡ್ಡಿಯಿಲ್ಲ, ಒಗೆದದ್ದಾಗಿರಲಿ ಎಂದು ಅಪ್ಪಣೆ ಕೊಟ್ಟಿದ್ದಾರೆ. ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ಕೊನೆಗೆ ಸಮಿತಿಯವರಲ್ಲಿ ಒಂದು ವಿನಂತಿ. ನಮ್ಮ ಬ್ರಹ್ಮಕಲಶ ಬಿರುಬೇಸಗೆಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಹಾಸುಗಲ್ಲು 50 ಡಿಗ್ರಿ ದಾಟುವುದುಂಟು. ಅನ್ನಸಂತರ್ಪಣೆಯ ಸಾಲು ನಿಲ್ಲುವುದೂ ಅದೇ ಹೊತ್ತಿಗೆ, ಅದೇ ಕಲ್ಲಿನ ಮೇಲೆ. ಪ್ರದಕ್ಷಿಣಾ ಪಥಕ್ಕೂ ಊಟದ ಸಾಲಿಗೂ ಮಡಲಿನ ಚಪ್ಪರ ಹಾಕಿಸಿ, ತೆಂಗಿನ ನಾರಿನ ಹಾಸು ಹಾಸಿಸಿ, ಗಂಟೆಗೊಮ್ಮೆ ನೀರು ಚಿಮುಕಿಸಲು ನಾಲ್ಕು ಮಂದಿ ಸ್ವಯಂಸೇವಕರನ್ನು ನೇಮಿಸಿ. ಜೀರ್ಣೋದ್ಧಾರದ ಕೆಲಸದಲ್ಲಿ ಉದುರಿದ ಆಣಿ, ತಂತಿ, ಕಲ್ಲುಚೂರುಗಳನ್ನು ಹೆಕ್ಕುವ ಒಂದು ಶ್ರಮದಾನವನ್ನು ನಮ್ಮ ಯುವಕರು ಮಾಡಲಿ. ನಾನೂ ಬರುತ್ತೇನೆ, ಸೀಟಿ ತರುತ್ತೇನೆ.

ಅಣ್ಣ ಈಗಲೂ ಈ ಕ್ಷೇತ್ರಕ್ಕೆ ಬರುತ್ತಾರೆ. ಇಂದೂ ಬಂದಿದ್ದಾರೆ, ಬಿಸಿಲು ಇಳಿದ ಮೇಲೆ. ಹಿಂದಿನ ಸಾಲಿನಲ್ಲಿ ಬಿಳಿ ಕಾಲುಚೀಲ ಹಾಕಿ ಕುಳಿತಿದ್ದಾರೆ. ಅವರು ಹರಕೆ ಬಿಟ್ಟಿಲ್ಲ, ಹೊತ್ತು ಬದಲಾಯಿಸಿದ್ದಾರೆ.