ವಿನಾಯಿತಿಗೆ ದಾಖಲೆಯೇ ಆಧಾರ: ನೌಕರರ ವೈಯಕ್ತಿಕ ತೆರಿಗೆ ಕಡತದ ನಿರ್ವಹಣೆ

(ಜಿಲ್ಲಾ ಪಂಚಾಯತ್ ಅಧೀನ ಕಚೇರಿಗಳ ಅಧಿಕಾರಿಗಳು ಮತ್ತು ನೌಕರರಿಗೆ ನೀಡಲಾದ ಉಪನ್ಯಾಸದ ಪಠ್ಯ. ಆರ್ಥಿಕ ವರ್ಷ 2025-26)



ಕಚೇರಿಯ ಪ್ರತಿಯೊಂದು ವೆಚ್ಚಕ್ಕೂ ವೋಚರ್ ಕೇಳುವ ನೌಕರನ ಮನೆಯಲ್ಲಿ, ಸ್ವಂತ ವೆಚ್ಚದ ರಸೀದಿಗಳು ಎಲ್ಲಿವೆಯೆಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಜನವರಿಯಲ್ಲಿ ವೇತನ ಬಟವಾಡೆ ಅಧಿಕಾರಿಯು ದಾಖಲೆ ಕೇಳಿದಾಗ ಹುಡುಕಾಟ ಆರಂಭವಾಗುತ್ತದೆ. ದೊರೆಯದ ರಸೀದಿಯ ಮೊತ್ತಕ್ಕೆ ಫೆಬ್ರವರಿಯ ವೇತನದಲ್ಲಿ ತೆರಿಗೆ ಕಡಿತವಾಗುತ್ತದೆ.

ಯಾರಿಗೆ ಯಾವ ದಾಖಲೆ ಬೇಕೆಂಬುದು ಮೊದಲು ಸ್ಪಷ್ಟವಾಗಬೇಕು. ಪ್ರಸಕ್ತ ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯು ತಾನಾಗಿಯೇ ಅನ್ವಯವಾಗುತ್ತದೆ. ವೇತನದಾರರಿಗೆ ಅದರಲ್ಲಿ 75,000 ರೂ. ಪ್ರಮಾಣಿತ ಕಡಿತವಿದ್ದು, ನಂತರದ ಆದಾಯವು 12 ಲಕ್ಷ ರೂ. ಮೀರದಿದ್ದರೆ ಸಾಮಾನ್ಯ ದರದ ಆದಾಯದ ಮೇಲೆ ತೆರಿಗೆ ಇರುವುದಿಲ್ಲ. ಅಂತಹ ನೌಕರರು ವಿಮೆ, ಬಾಡಿಗೆಗಳ ರಸೀದಿಗಳನ್ನು ತೆರಿಗೆಯ ಕಾರಣಕ್ಕಾಗಿ ಕೂಡಿಡುವ ಅಗತ್ಯವಿಲ್ಲ. ಆದರೆ ವೇತನ ಹೆಚ್ಚಿದ್ದು, ಗೃಹಸಾಲ, ಮನೆ ಬಾಡಿಗೆ, ಭವಿಷ್ಯನಿಧಿ ಎಲ್ಲವೂ ಇರುವವರಿಗೆ ಹಳೆಯ ಪದ್ಧತಿಯು ಲಾಭದಾಯಕವಾಗಬಹುದು. ಅಲ್ಲಿ ಪ್ರತಿಯೊಂದು ವಿನಾಯಿತಿಯೂ ದಾಖಲೆಯ ಮೇಲೆಯೇ ನಿಂತಿದೆ.

ಒಂದು ಕಲ್ಪಿತ ನಿದರ್ಶನವನ್ನು ನೋಡಬಹುದು. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಅಧಿಕಾರಿಯೊಬ್ಬರು ಸ್ವಂತ ಊರಿನಲ್ಲಿ ಸಾಲ ಪಡೆದು ಮನೆ ಕಟ್ಟಿಸಿದ್ದಾರೆ. ಕೆಲಸದ ಊರಿನಲ್ಲಿ ಬಾಡಿಗೆಗೆ ಇದ್ದಾರೆ. ಆರೋಗ್ಯ ವಿಮೆಯಿಲ್ಲದ 67 ವರ್ಷದ ತಾಯಿಯ ಚಿಕಿತ್ಸೆಗೆ 38,000 ರೂ. ನಗದು ಪಾವತಿಸಿದ್ದಾರೆ. ವಿಮೆಯಿಲ್ಲದ ಹಿರಿಯ ನಾಗರಿಕ ತಂದೆತಾಯಿಯರ ವೈದ್ಯಕೀಯ ವೆಚ್ಚಕ್ಕೆ ಕಲಂ 80ಡಿ ಅಡಿಯಲ್ಲಿ 50,000 ರೂ.ವರೆಗೆ ವಿನಾಯಿತಿ ಇದೆ. ಆದರೆ ನಗದು ಪಾವತಿಗೆ ಅದು ಸಲ್ಲುವುದಿಲ್ಲ. ಇದೇ ಮೊತ್ತವನ್ನು ಯುಪಿಐ, ಕಾರ್ಡ್ ಅಥವಾ ಚೆಕ್ ಮೂಲಕ ಪಾವತಿಸಿ ಬಿಲ್ಲು ಇಟ್ಟಿದ್ದರೆ, ಶೇ. 20ರ ಹಂತದಲ್ಲಿ ಸೆಸ್ ಸೇರಿ 7,904 ರೂ. ತೆರಿಗೆ ಉಳಿಯುತ್ತಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ಹಣ ನೀಡಿದ ಕ್ಷಣದಲ್ಲೇ ಆ ವಿನಾಯಿತಿ ಕೈತಪ್ಪಿತು. ವರ್ಷಾಂತ್ಯದಲ್ಲಿ ಎಷ್ಟು ಹುಡುಕಿದರೂ ಅದು ಮರಳಿ ಬಾರದು.

ಆದ್ದರಿಂದ ದಾಖಲೆಯ ಕೆಲಸವು ಪಾವತಿಯ ದಿನವೇ ಆರಂಭವಾಗಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪ್ರತಿ ವರ್ಷಕ್ಕೆ ಒಂದು ಕಡತ, ಅದರೊಳಗೆ ಐದು ಲಕೋಟೆಗಳು ಸಾಕು.

1. ವೇತನ: ಮಾಸಿಕ ವೇತನ ಚೀಟಿಗಳು, ವೃತ್ತಿ ತೆರಿಗೆಯ ಕಡಿತದ ವಿವರ, ನಮೂನೆ 16.

2. ವಿಮೆ ಮತ್ತು ಉಳಿತಾಯ: ಕೆ.ಜಿ.ಐ.ಡಿ. ಹಾಗೂ ಇತರ ಜೀವವಿಮಾ ಕಂತು, ಭವಿಷ್ಯನಿಧಿ, ಇಬ್ಬರು ಮಕ್ಕಳವರೆಗಿನ ಬೋಧನಾ ಶುಲ್ಕ. ಕಲಂ 80ಸಿ ಅಡಿಯಲ್ಲಿ ಇವೆಲ್ಲವುಗಳ ಒಟ್ಟು ಮಿತಿ 1,50,000 ರೂ. ಶಾಲೆಯ ರಸೀದಿಯಲ್ಲಿ ಬೋಧನಾ ಶುಲ್ಕವು ಪ್ರತ್ಯೇಕವಾಗಿ ನಮೂದಾಗಿರಬೇಕು. ಅಭಿವೃದ್ಧಿ ಶುಲ್ಕ ಮತ್ತು ದೇಣಿಗೆಗೆ ಈ ವಿನಾಯಿತಿ ಇಲ್ಲ.

3. ಮನೆ: ಬಾಡಿಗೆ ಕರಾರು ಪತ್ರ, ರಸೀದಿಗಳು, ಪಾವತಿಯ ಬ್ಯಾಂಕ್ ವಿವರ. ವಾರ್ಷಿಕ ಬಾಡಿಗೆ 1 ಲಕ್ಷ ರೂ. ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆ ನೀಡಬೇಕು. ಗೃಹಸಾಲವಿದ್ದಲ್ಲಿ ಅಸಲು ಮತ್ತು ಬಡ್ಡಿಯನ್ನು ಬೇರ್ಪಡಿಸಿದ ಬ್ಯಾಂಕ್ ಪ್ರಮಾಣಪತ್ರ ಅವಶ್ಯ. ಅಸಲು 80ಸಿ ಮಿತಿಯೊಳಗೆ ಸೇರುತ್ತದೆ, ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷ ರೂ.ವರೆಗೆ ಪ್ರತ್ಯೇಕ ಅವಕಾಶವಿದೆ.

4. ವೈದ್ಯಕೀಯ ಮತ್ತು ದೇಣಿಗೆ: ಆರೋಗ್ಯ ವಿಮಾ ಕಂತಿನ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ದೇಣಿಗೆ ಪಡೆದ ಸಂಸ್ಥೆ ನೀಡುವ ನಮೂನೆ 10ಬಿಇ. 2,000 ರೂ. ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ.

5. ತೆರಿಗೆ: ನಮೂನೆ 26ಎಎಸ್, ವಾರ್ಷಿಕ ಮಾಹಿತಿ ಹೇಳಿಕೆ, ಬ್ಯಾಂಕ್ ಬಡ್ಡಿಯ ವಿವರ, ಸಲ್ಲಿಸಿದ ರಿಟರ್ನ್ ಮತ್ತು ಅದರ ಸ್ವೀಕೃತಿ.

ಯಂತ್ರದಿಂದ ಮುದ್ರಿತವಾಗುವ ತೆಳು ಕಾಗದದ ರಸೀದಿಗಳ ಅಕ್ಷರವು ಕೆಲವೇ ತಿಂಗಳಲ್ಲಿ ಮಾಸುತ್ತದೆ. ಅವುಗಳನ್ನು ಬಂದ ದಿನವೇ ಮೊಬೈಲಿನಲ್ಲಿ ಚಿತ್ರ ತೆಗೆದು, ದಿನಾಂಕ ಮತ್ತು ಮೊತ್ತವನ್ನು ಹೆಸರಾಗಿ ಕೊಟ್ಟು ಉಳಿಸಬೇಕು.

ದಾಖಲೆಗಳನ್ನು ಕಚೇರಿಗೆ ಕೊಟ್ಟಾಯಿತು, ಇನ್ನು ತನ್ನ ಹೊಣೆ ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ನಮೂನೆ 12ಬಿಬಿಯೊಂದಿಗೆ ಕಚೇರಿಗೆ ಸಲ್ಲಿಸುವ ಪ್ರತಿಗಳು ವೇತನದಲ್ಲಿ ತೆರಿಗೆ ಕಡಿತದ ಲೆಕ್ಕಕ್ಕೆ ಮಾತ್ರ. ರಿಟರ್ನ್‌ಗೆ ಯಾವ ರಸೀದಿಯನ್ನೂ ಲಗತ್ತಿಸುವುದಿಲ್ಲ. ಮುಂದೆ ಇಲಾಖೆಯಿಂದ ನೋಟಿಸು ಬಂದರೆ ಮೂಲ ದಾಖಲೆ ತೋರಿಸಬೇಕಾದವನು ನೌಕರನೇ. ವರ್ಗಾವಣೆಯಾದ ನೌಕರನು ಹಿಂದಿನ ಕಚೇರಿಯ ಕಡತದಲ್ಲಿ ತನ್ನ ಪ್ರತಿಯನ್ನು ಹುಡುಕಿಸುವ ಸ್ಥಿತಿ ಬರಬಾರದು. ಕರನಿರ್ಧಾರಣಾ ವರ್ಷ 2025-26ರ ರಿಟರ್ನ್‌ನಲ್ಲಿಯೇ ವಿಮಾ ಪಾಲಿಸಿಯ ಸಂಖ್ಯೆ, ಸಾಲದ ಖಾತೆಯಂತಹ ವಿವರಗಳನ್ನು ಕೇಳಲಾಗಿದೆ. ಕಡತ ಸಿದ್ಧವಿಲ್ಲದವರು ಇವುಗಳನ್ನು ತುಂಬಲಾರರು.

ಜನವರಿಯಲ್ಲಿ ದಾಖಲೆ ನೀಡಲು ತಪ್ಪಿಹೋದವರು ಎದೆಗುಂದಬೇಕಾಗಿಲ್ಲ. ಅರ್ಹ ವಿನಾಯಿತಿಗಳನ್ನು ರಿಟರ್ನ್‌ನಲ್ಲಿಯೇ ಕೋರಿ ಹೆಚ್ಚುವರಿ ತೆರಿಗೆಯನ್ನು ಮರುಪಾವತಿಯಾಗಿ ಪಡೆಯಲು ಅವಕಾಶವಿದೆ. ಆದರೆ ಹಳೆಯ ಪದ್ಧತಿಯ ಆಯ್ಕೆಯನ್ನು ನಿಗದಿತ ಕೊನೆಯ ದಿನಾಂಕದೊಳಗೆ ಸಲ್ಲಿಸುವ ರಿಟರ್ನ್‌ನಲ್ಲಿಯೇ ಮಾಡಬೇಕು. ಇದಕ್ಕೆ ವಿರುದ್ಧವಾಗಿ, ಕೊಡದ ಬಾಡಿಗೆಗೆ ರಸೀದಿ ಬರೆಸಿಕೊಳ್ಳುವ ಹಾದಿ ಅಪಾಯಕರ. ಸುಳ್ಳು ವಿವರದಿಂದ ಆದಾಯ ಕಡಿಮೆ ತೋರಿಸಿದ್ದು ಸಾಬೀತಾದರೆ, ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ವಿಧಿಸಬಹುದು. ಸ್ವಂತ ತಾಯಿಗೆ ನಿಜವಾಗಿಯೂ ಬಾಡಿಗೆ ಕೊಡುತ್ತಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಹಣ ಬ್ಯಾಂಕ್ ಮೂಲಕ ಹೋಗಿರಬೇಕು ಮತ್ತು ತಾಯಿಯ ಆದಾಯದಲ್ಲಿ ಅದು ಕಾಣಬೇಕು.

ಹಳೆಯ ವರ್ಷಗಳ ಪ್ರಕರಣವನ್ನು ಮತ್ತೆ ತೆರೆಯುವ ಅಧಿಕಾರವು ಕೆಲವು ಸಂದರ್ಭಗಳಲ್ಲಿ ಕರನಿರ್ಧಾರಣಾ ವರ್ಷ ಮುಗಿದ ಮೇಲೆ 5 ವರ್ಷ 3 ತಿಂಗಳವರೆಗೆ ಇರುವುದರಿಂದ, ಪ್ರತಿ ಕಡತವನ್ನು 7 ವರ್ಷ ಕಾಯ್ದಿಡುವುದು ಕ್ಷೇಮ. ನಿವೇಶನ ಅಥವಾ ಮನೆಯ ಕ್ರಯಪತ್ರ ಮತ್ತು ನಿರ್ಮಾಣದ ಬಿಲ್ಲುಗಳನ್ನು ಮಾತ್ರ ಆಸ್ತಿ ಇರುವವರೆಗೂ, ಮಾರಿದ ನಂತರ ಮತ್ತೆ 7 ವರ್ಷವೂ ಇಡಬೇಕು. ಲಾಭದ ಲೆಕ್ಕಕ್ಕೆ ಅವೇ ಆಧಾರ. ಇದು ಹೊಸ ಪದ್ಧತಿಯಲ್ಲಿ ಇರುವವರಿಗೂ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಅಧಿನಿಯಮ, 2025 ಅನ್ವಯವಾಗುತ್ತದೆ ಮತ್ತು ಕಲಂಗಳ ಸಂಖ್ಯೆ ಬದಲಾಗುತ್ತದೆ. ಹಿಂದಿನ ವರ್ಷಗಳ ದಾಖಲೆಗಳನ್ನು ಆ ಕಾರಣಕ್ಕೆ ವಿಲೇವಾರಿ ಮಾಡತಕ್ಕದ್ದಲ್ಲ.

ವೇತನ ಬಟವಾಡೆ ಅಧಿಕಾರಿಗಳು ದಾಖಲೆ ಸಲ್ಲಿಕೆಯ ದಿನಾಂಕವನ್ನು ಮುಂಚಿತವಾಗಿ ತಿಳಿಸಿ, ಪಡೆದ ಪ್ರತಿಗಳಿಗೆ ಸ್ವೀಕೃತಿ ನೀಡುವುದು ಸೂಕ್ತ. ನೌಕರರು ಇಂದು ಮನೆಗೆ ತೆರಳಿದ ಮೇಲೆ ಈ ವರ್ಷದ ಐದು ಲಕೋಟೆಗಳನ್ನು ಸಿದ್ಧಪಡಿಸಿ, ಏಪ್ರಿಲ್‌ನಿಂದ ಈವರೆಗಿನ ಪಾವತಿಗಳನ್ನು ಬ್ಯಾಂಕ್ ಪಾಸ್ ಪುಸ್ತಕದೊಂದಿಗೆ ತಾಳೆ ನೋಡಿದರೆ, ಕಾಣೆಯಾದ ರಸೀದಿಗಳ ನಕಲನ್ನು ಪಡೆಯಲು ಇನ್ನೂ ಕಾಲಾವಕಾಶವಿದೆ.