ಹಿಟ್ಟು ಹುಳಿ ಬಂತೇ?



ಮುಂಬಯಿಯ ಮೇ ತಿಂಗಳಲ್ಲಿ ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ಅಡಿಗೆಕಟ್ಟೆಯ ಮೇಲೆ ಹರಿಯುತ್ತದೆ. ಅದೇ ಹಿಟ್ಟಿಗೆ ಜನವರಿಯಲ್ಲಿ ಹಳೆಯ ಶಾಲು ಸುತ್ತಿ ಓಲೈಸಬೇಕು. ನಾವು ಓಲೈಸುವುದು ಹಿಟ್ಟನ್ನಲ್ಲ, ಉದ್ದು ಅಕ್ಕಿಯ ಜೊತೆಗೇ ಮನೆಗೆ ಬಂದ ಬ್ಯಾಕ್ಟೀರಿಯಾಗಳನ್ನು. ಅವಕ್ಕೆ ತಿನ್ನಲು ಏನಾದರೂ ಬೇಕು, ನೀರಿನ ಪಸೆ ಬೇಕು, ಹದವಾದ ಬಿಸಿ ಬೇಕು, ಒಂದಿಷ್ಟು ಹೊತ್ತು ಬೇಕು. ಗಾಳಿಯ ವಿಷಯದಲ್ಲಿ ಮಾತ್ರ ಒಂದೊಂದರದು ಒಂದೊಂದು ಸ್ವಭಾವ.

ಈ ಸ್ವಭಾವವನ್ನು ನಮ್ಮದೇ ಊರಿನಲ್ಲಿ ಕೂತು ಅರಿತವರು ವಾಲ್ಡೆಮಾರ್ ಹಾಫ್ಕಿನ್. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅವರು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಮಾಂಸದ ಸಾರು ಕಾಯಿಸಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಪ್ರಯೋಗಾಲಯದಲ್ಲಿ ತುಪ್ಪ! ಆ ಹನಿಗಳಿಗೆ ಜೋತುಬಿದ್ದು ಪ್ಲೇಗಿನ ಬ್ಯಾಕ್ಟೀರಿಯಾ ಎಳೆಎಳೆಯಾಗಿ ಕೆಳಗಿಳಿದವು. ಅಲ್ಲಾಡಿಸಿದರೆ ಉದುರಿ ತಳ ಸೇರುತ್ತಿದ್ದವು, ಮತ್ತೆ ಹೊಸ ಬೆಳೆ. ಹೀಗೆ ಬೆಳೆಸಿದ್ದನ್ನು ಬಿಸಿಮಾಡಿ ಕೊಂದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಮರುವರ್ಷ ಅದೇ ಲಸಿಕೆ ಹುಬ್ಬಳ್ಳಿಯ ಸಾವಿರಾರು ಜನರ ತೋಳಿಗೂ ಬಂತು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತಲ್ಲ.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಹಾಕಿದ್ದು ಒಂದೇ ಬಾಟಲಿಯ ಮದ್ದು, ಪರೇಲಿನ ಪ್ರಯೋಗಾಲಯದಲ್ಲಿ ತುಂಬಿದ್ದು. ತಪ್ಪು ಹಾಫ್ಕಿನ್ನರ ತಲೆಗೆ ಬಂತು, ಕೆಲಸವೂ ಹೋಯಿತು. ಅವರನ್ನು ಕಾಪಾಡಿದ್ದು ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಹೊತ್ತಿನ ಲೆಕ್ಕ. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನದು, ಗಾಳಿಯಾಡದ ಕಡೆ ಬೆಳೆಯುವಂಥದು. ಮುಚ್ಚಿದ ಬಾಟಲಿಯಲ್ಲಿ ವಾರಗಟ್ಟಲೆ ಬೆಳೆದಿದ್ದರೆ ತೆರೆದ ಕೂಡಲೇ ದುರ್ವಾಸನೆ ಹೊಡೆಯಬೇಕಿತ್ತು. ತೆರೆದವರಿಗೆ ವಾಸನೆ ಬಂದಿರಲಿಲ್ಲ. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಬಿರಡೆ ಸಾಗಿಸುವ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬ ಸಂಗತಿಯೂ ಹೊರಬಂತು. 1907ರಲ್ಲಿ ಅವರು ನಿರ್ದೋಷಿಯಾದರು. 1925ರಲ್ಲಿ ಪರೇಲಿನ ಆ ಸಂಸ್ಥೆಗೆ ಅವರದೇ ಹೆಸರಿಟ್ಟರು. ಐದು ವರ್ಷದ ಅವಮಾನಕ್ಕೆ ಅಷ್ಟು ಸಾಲದೆಂದು ನನಗನಿಸುತ್ತದೆ, ಇರಲಿ.

ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬೀಜದಂತೆ ಗಟ್ಟಿ ಕವಚ ತೊಟ್ಟು ವರ್ಷಗಟ್ಟಲೆ ಮಲಗಿರುತ್ತದೆ. ಇದೇ ಕಲೆ ಗೊತ್ತಿರುವ ಇನ್ನೊಂದು ಅಕ್ಕಿಯಲ್ಲಿದೆ, ಹೆಸರು ಬ್ಯಾಸಿಲಸ್ ಸೀರಿಯಸ್. ಅನ್ನ ಕುದಿದರೂ ಅದರ ಕವಚ ಒಡೆಯುವುದಿಲ್ಲ. ಬೆಂದ ಅನ್ನ ಮುಂಬಯಿಯ ಸೆಕೆಯಲ್ಲಿ ರಾತ್ರಿಯಿಡೀ ಕುಕ್ಕರಿನಲ್ಲೇ ಉಳಿದರೆ ಅದು ಎಚ್ಚೆತ್ತು ಬೆಳೆಯುತ್ತದೆ, ವಿಷ ಕಕ್ಕುತ್ತದೆ. ಬೆಳಗ್ಗೆ ಒಗ್ಗರಣೆ ಹಾಕಿ ಬಿಸಿಮಾಡಿದರೆ ಬ್ಯಾಕ್ಟೀರಿಯಾ ಸತ್ತೀತು, ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಗ್ಗೆ, ಕುಕ್ಕರಿನಲ್ಲಿದ್ದ ಅನ್ನಕ್ಕೆ ನಿಂಬೆ ಹಿಂಡಿ ಚಿತ್ರಾನ್ನ ಮಾಡಿ ಮಗಳ ಡಬ್ಬಿಗೆ ತುಂಬಿದ್ದೆ. ರುಚಿ ನೋಡಿದ್ದೆ, ವಾಸನೆ ನೋಡಿದ್ದೆ, ಏನೂ ಕೆಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಾಲೆಯಿಂದ ಫೋನು. ರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ಒರಗಿದವಳು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ. ಡಾಕ್ಟರು ಮೊದಲು ಕೇಳಿದ್ದೇ, "ಅನ್ನ ಯಾವಾಗಿನದು?"

ಹಾಗಾದರೆ ರಾತ್ರಿಯಿಡೀ ಹೊರಗಿದ್ದ ಇಡ್ಲಿ ಹಿಟ್ಟೇಕೆ ವಿಷವಾಗುವುದಿಲ್ಲ ಎಂದು ನಮ್ಮತ್ತೆ ಕೇಳಿದರು. ಒಳ್ಳೆಯ ಪ್ರಶ್ನೆ. ಹಿಟ್ಟಿನ ಬ್ಯಾಕ್ಟೀರಿಯಾ ಬೆಳೆಯುತ್ತ ಬೆಳೆಯುತ್ತ ಹಿಟ್ಟನ್ನು ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಕೇಡಿನ ಬ್ಯಾಕ್ಟೀರಿಯಾಗಳು ಸುಲಭವಾಗಿ ತಲೆ ಎತ್ತಲಾರವು. ಬರಿಯ ಅನ್ನಕ್ಕೆ ಈ ಕಾವಲಿಲ್ಲ. ಬೆಳಗ್ಗೆ ಹಿಂಡಿದ ನಿಂಬೆಹುಳಿ ರಾತ್ರಿಯೇ ಆದ ವಿಷವನ್ನು ತೆಗೆಯಲಾರದು.

ಈಗ ನಮ್ಮ ಮನೆಯಲ್ಲಿ ಉಳಿದ ಅನ್ನವನ್ನು ಅಗಲ ತಟ್ಟೆಗೆ ಹರವಿ, ಆರಿದೊಡನೆ, ಗಂಟೆಯೊಳಗೇ ಫ್ರಿಜ್ಜಿಗೆ ಇಡುತ್ತೇವೆ. ಹಿಟ್ಟಿನ ಪಾತ್ರೆ ಮಾತ್ರ ಕಟ್ಟೆಯ ಮೇಲೇ ಇರುತ್ತದೆ, ಕೆಳಗೊಂದು ತಟ್ಟೆ ಇಟ್ಟುಕೊಂಡು.