ಅಂಟಿಸುವ ಕೈ, ಕೀಳುವ ಕೈ



ಹಿರೀಸಾವೆಯ ಕಡೆ ಹೊಸ ಮನೆಯ ಬಾಗಿಲಿಗೆ, ಅಂಗಡಿಯ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆಯುವುದು ವಾಡಿಕೆ. ಅದನ್ನು ಕಂಡು ಯಾರೂ ಹೆದರುವುದಿಲ್ಲ. ಅದೇ ಚಿಹ್ನೆಯನ್ನು ಓರೆಯಾಗಿಸಿ, ಬಿಳಿಯ ವೃತ್ತದೊಳಗೆ ಕಪ್ಪು ಬಣ್ಣದಲ್ಲಿ ಬರೆದು, ಕೆಂಪು ಬಾವುಟದ ಮೇಲೆ ಇಟ್ಟರೆ ಯೂರೋಪಿನ ಯೆಹೂದಿ ಮನೆತನಗಳಲ್ಲಿ ಇಂದಿಗೂ ಮೈ ನಡುಗುತ್ತದೆ. ಒಂದೇ ಆಕಾರಕ್ಕೆ ಎರಡು ಅರ್ಥ ಬಂದದ್ದು ಹೇಗೆ? ಇಂದಿನ ಮಾತಿನ ವಿಷಯ ಅದೇ.

ಹಿಟ್ಲರನ ನಾಜಿ ಪಕ್ಷ ಈ ಬಾವುಟವನ್ನು ತನ್ನದಾಗಿಸಿಕೊಂಡದ್ದು 1920ರಲ್ಲಿ. ಆಗ ಜರ್ಮನಿಯ ಬೀದಿಗಳಲ್ಲಿ ಬೇರೆ ಪಕ್ಷಗಳ ಬಾವುಟಗಳೂ ಹಾರುತ್ತಿದ್ದವು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಆ ವರ್ಷದ ಜುಲೈ ಹೊತ್ತಿಗೆ ಉಳಿದ ಪಕ್ಷಗಳೆಲ್ಲ ಇಲ್ಲವಾದವು. 1935ರ ಸೆಪ್ಟೆಂಬರಿನಲ್ಲಿ ಪಕ್ಷದ ಬಾವುಟವೇ ದೇಶದ ಏಕೈಕ ರಾಷ್ಟ್ರಧ್ವಜವಾಯಿತು. 1937ರಲ್ಲಿ ಮ್ಯೂನಿಕ್ ನಗರದಲ್ಲಿ ಸರ್ಕಾರ ಎರಡು ಕಲಾಪ್ರದರ್ಶನಗಳನ್ನು ಏರ್ಪಡಿಸಿತು. ಒಂದರಲ್ಲಿ ಸರ್ಕಾರ ಮೆಚ್ಚಿದ ಕಲೆ. ಇನ್ನೊಂದರಲ್ಲಿ ವಸ್ತುಸಂಗ್ರಹಾಲಯಗಳಿಂದ ಕಿತ್ತು ತಂದ ಸುಮಾರು 650 ಕೃತಿಗಳು. ಅವುಗಳ ಸುತ್ತಲಿನ ಗೋಡೆಯ ಮೇಲೆ ಹೀಯಾಳಿಕೆಯ ಮಾತುಗಳನ್ನು ಬರೆಸಿದ್ದರು.

ಸೋವಿಯತ್ ರಷ್ಯದ ದಾರಿಯೂ ಹೀಗೆಯೇ. ಸ್ಟಾಲಿನ್ನನ ಭವ್ಯ ಪೋಸ್ಟರುಗಳನ್ನು ರಚಿಸಿದ ಗುಸ್ತಾವ್ ಕ್ಲುಟ್ಸಿಸ್ ಎಂಬ ಕಲಾವಿದನನ್ನು ಅದೇ ಸರ್ಕಾರ 1938ರಲ್ಲಿ ಗುಂಡಿಟ್ಟು ಕೊಂದಿತು. ಸ್ಟಾಲಿನ್ನನ ಪಕ್ಕದಲ್ಲಿ ನಡೆಯುತ್ತಿದ್ದ ಪೊಲೀಸ್ ಮುಖ್ಯಸ್ಥ ಯೆಜೋವ್, ಪದವಿ ಮತ್ತು ಪ್ರಾಣ ಕಳೆದುಕೊಂಡ ಮೇಲೆ, ಛಾಯಾಚಿತ್ರದಿಂದಲೂ ಮಾಯವಾದ. ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಉಳಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪ್ರಚಾರಕ್ಕೆ ಎರಡು ಕೈ. ಒಂದು ಚಿತ್ರವನ್ನು ಅಂಟಿಸುತ್ತದೆ, ಇನ್ನೊಂದು ಪಕ್ಕದ ಚಿತ್ರವನ್ನು ಕೀಳುತ್ತದೆ. ಅಂಟಿಸಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಿತ್ತದ್ದು ಕಾಣುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಬಾನುಲಿ, ದೂರದರ್ಶನಗಳು ಸರ್ಕಾರದ ಕೈಯಲ್ಲೇ ಇದ್ದವು. ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರ ಎಲ್ಲೆಡೆ ನಡೆಯಿತು. ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ಅವರ ‘ಇಂದಿರಾ ಎಂದರೆ ಇಂಡಿಯಾ’ ಎಂಬ ಘೋಷಣೆ ಮನೆಮಾತಾಯಿತು. ಇದು ಅಂಟಿಸುವ ಕೈ. ಕೀಳುವ ಕೈಯೂ ಸುಮ್ಮನಿರಲಿಲ್ಲ. ಹೊಳೆನರಸೀಪುರದ ಶಾಸಕರೂ ವಿಧಾನಸಭೆಯ ವಿರೋಧ ಪಕ್ಷದ ನಾಯಕರೂ ಆಗಿದ್ದ ಎಚ್.ಡಿ. ದೇವೇಗೌಡರು ಬೆಂಗಳೂರಿನ ಸೆರೆಮನೆ ಸೇರಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಸೆರೆಮನೆಯಲ್ಲಿ ಸುಮಾರು ಎಂಟು ತಿಂಗಳು ಉಬ್ಬಸದಿಂದ ನರಳಿದರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕಥೆಯನ್ನು ಕೇಳಿ. ಅದು ತುರ್ತು ಪರಿಸ್ಥಿತಿಗೆ ಮುಂಚೆಯೇ ಬಂದದ್ದು. ಓದು ಬಾರದವರೂ ಗುರುತಿಸಲಿ ಎಂದು ಮಾಡಿದ ಸರಳ, ಒಳ್ಳೆಯ ಚಿಹ್ನೆ. ಆದರೆ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಉತ್ತರದ ರಾಜ್ಯಗಳಲ್ಲಿ ಬಲವಂತ ವಿಪರೀತವಾಗಿತ್ತು. ತ್ರಿಕೋನದ ಒಂದು ಗೆರೆಯೂ ಬದಲಾಗಿರಲಿಲ್ಲ. ಆದರೂ ಸಲಹೆ ಹೇಳುತ್ತಿದ್ದ ಚಿಹ್ನೆ ಹೆದರಿಸುವ ಚಿಹ್ನೆಯಾಯಿತು. ‘ಬೇಡ’ ಎನ್ನುವ ಹಕ್ಕು ಹೋದದ್ದೇ ಇದಕ್ಕೆ ಕಾರಣ. ಜನರ ಮನಸ್ಸಿನಲ್ಲಿ ಕಹಿ ಎಷ್ಟಿತ್ತೆಂದರೆ, 1977ರಲ್ಲಿ ಹೊಸ ಸರ್ಕಾರ ‘ಕುಟುಂಬ ಯೋಜನೆ’ ಎಂಬ ಹೆಸರನ್ನೇ ಬಿಟ್ಟು ‘ಕುಟುಂಬ ಕಲ್ಯಾಣ’ ಎಂದಿತು.

ಹಾಗೆಂದು ನಮ್ಮ ತುರ್ತು ಪರಿಸ್ಥಿತಿಯನ್ನು ಹಿಟ್ಲರನ ಜರ್ಮನಿಗೆ ಸಮನೆನ್ನುವುದು ಸರಿಯಲ್ಲ. ವ್ಯತ್ಯಾಸ ಮತಪತ್ರದಲ್ಲೇ ಕಾಣುತ್ತದೆ. 1938ರಲ್ಲಿ ಆಸ್ಟ್ರಿಯವನ್ನು ಕಬಳಿಸಿದ ಹಿಟ್ಲರ್ ಜನಮತ ಕೇಳಿದ. ಮತಪತ್ರದಲ್ಲಿ ‘ಹೌದು’ ಎನ್ನಲು ದೊಡ್ಡ ವೃತ್ತ, ‘ಇಲ್ಲ’ ಎನ್ನಲು ಸಣ್ಣ ವೃತ್ತ! ನಮ್ಮಲ್ಲಿ 1977ರ ಮಾರ್ಚಿಯಲ್ಲಿ ಚುನಾವಣೆ ನಡೆದಾಗ ಕಾಂಗ್ರೆಸ್ಸಿನ ಹಸು-ಕರುವೂ, ಜನತಾ ಅಭ್ಯರ್ಥಿಗಳ ನೇಗಿಲು ಹೊತ್ತ ರೈತನೂ ಒಂದೇ ಕಾಗದದ ಮೇಲೆ, ಒಂದೇ ಅಳತೆಯಲ್ಲಿ ಇದ್ದವು. ಕೇಂದ್ರದಲ್ಲಿ ಸರ್ಕಾರ ಬದಲಾಯಿತು. ಕರ್ನಾಟಕ ಬೇರೆ ಬಗೆಯಲ್ಲಿ ಯೋಚಿಸಿ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಜನತಾ ಪಕ್ಷಕ್ಕೆ ದಕ್ಕಿದ ಎರಡರಲ್ಲಿ ಒಂದು ನಮ್ಮ ಹಾಸನ. ಯಾರು ಗೆದ್ದರೆಂಬುದಕ್ಕಿಂತ, ಹೀಗೂ ಹಾಗೂ ಮತ ಹಾಕಲು ಸಾಧ್ಯವಾಯಿತೆಂಬುದು ದೊಡ್ಡದು.

ಮಿತ್ರರೆ, ಪ್ರಚಾರವಿಲ್ಲದ ರಾಜ್ಯ ಯಾವುದೂ ಇಲ್ಲ. ಪೋಲಿಯೊ ಲಸಿಕೆಗೂ ಪೋಸ್ಟರು ಬೇಕು, ಚುನಾವಣೆಗೂ ಬೇಕು. ಆದ್ದರಿಂದ ಹೆದ್ದಾರಿ ಬದಿಯ ಗೋಡೆಯ ಮೇಲೆ ಸೊಗಸಾದ ಚಿತ್ರವೊಂದು ಕಂಡಾಗ ಅದರ ಬಣ್ಣವನ್ನು ಮೆಚ್ಚಿಕೊಳ್ಳಿ, ತಪ್ಪಿಲ್ಲ. ಜೊತೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಒಪ್ಪದವನು ಇದರ ಪಕ್ಕದಲ್ಲಿ ತನ್ನ ಚಿತ್ರವನ್ನು ಅಂಟಿಸಿ, ರಾತ್ರಿ ನೆಮ್ಮದಿಯಾಗಿ ಮನೆಯಲ್ಲಿ ಮಲಗಬಲ್ಲನೆ? ಉತ್ತರ ‘ಹೌದು’ ಎಂದಿದ್ದರೆ ಅದು ಬರಿಯ ಪ್ರಚಾರ. ‘ಇಲ್ಲ’ ಎಂದಾದರೆ, ಚಿತ್ರ ಎಷ್ಟೇ ಚೆಂದವಿರಲಿ, ಎಚ್ಚರಗೊಳ್ಳಬೇಕಾದ ಕಾಲ ಬಂದಿದೆ ಎಂದೇ ಅರ್ಥ.